ಹೆಚ್ಚಿನದು ಗಿರಾಕಿಯದು

ಜುಲೈ 6, ಸೋಮವಾರ

ಡಾಕ್ಟರಮ್ಮ ಈ ಪುಸ್ತಕ ಕೊಟ್ಟದ್ದು ರಕ್ತದೊತ್ತಡ ಬರೆದಿಡಲಿಕ್ಕೆ. ಮೇಲಿನ ಅಂಕಿ ಬರೆದರೆ ಸಾಕಂತೆ. ಸಿಟ್ಟು ಬಂದ ದಿನ ಯಾಕೆ ಬಂತು ಅಂತಲೂ ಬರೆಯಬೇಕಂತೆ. ನನ್ನ ಸಿಟ್ಟಿಗೆಲ್ಲ ಕಾರಣ ಬರೆಯುತ್ತ ಕೂತರೆ ಅಂಗಡಿಯಲ್ಲಿ ಒಲೆ ಹಚ್ಚುವವರು ಯಾರು?

ಮೆಷಿನ್ನು 168 ತೋರಿಸಿತು. 160 ಅಂತ ಬರೆದೆ. ಎಂಟೇನು ಮಹಾ.

ಕಾರಣ: ಬೀಗ ಬರುತ್ತಿದ್ದಾನೆ.

ನನ್ನ ಮಗನ ಮಗಳು ನೇದಾ ಐದನೇ ಕ್ಲಾಸಿನ ಗಣಿತದಲ್ಲಿ ಫೇಲಾಗಿ ಕೂತುಬಿಟ್ಟಳು. ಚಳಿಗಾಲದಲ್ಲಿ ಜ್ವರ ಬಂದು ತಿಂಗಳುಗಟ್ಟಲೆ ಶಾಲೆ ತಪ್ಪಿತ್ತು, ಭಿನ್ನರಾಶಿಯ ಪಾಠವೆಲ್ಲ ಆಗಲೇ ನಡೆದುಹೋಯಿತು. ಆಗಸ್ಟ್ 24ಕ್ಕೆ ಮರುಪರೀಕ್ಷೆ. ಅದನ್ನು ಕಲಿಸಲು ಸೊಸೆಯ ಅಪ್ಪ ವೊಯಿನ್ ದೂರದ ಊರು ನೋವಿಸಾದ್‌ನಿಂದ ಬರುತ್ತಾನಂತೆ. ಸೇತುವೆ ಕಟ್ಟಿಸುವ ಎಂಜಿನಿಯರ್ ಆಗಿದ್ದವನು, ಈಗ ನಿವೃತ್ತ. ಪರೀಕ್ಷೆ ಮುಗಿಯುವವರೆಗೆ ನಮ್ಮ ಮನೆಯಲ್ಲೇ ಠಿಕಾಣಿ.

ಇದಿಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಮಗನೂ ಸೊಸೆಯೂ ಅವರವರೇ ಮಾತಾಡಿಕೊಂಡು ಇನ್ನೊಂದನ್ನು ತೀರ್ಮಾನಿಸಿದ್ದಾರೆ. ಮರುಪರೀಕ್ಷೆಯಲ್ಲೂ ಹೋದರೆ ನೇದಾಳನ್ನು ನೋವಿಸಾದ್‌ಗೆ ಕಳಿಸುವುದು. ಅಲ್ಲೇ ಅವನ ಮನೆಯಲ್ಲಿದ್ದು, ಅವನ ಕಣ್ಣೆದುರೇ ಐದನೇ ಕ್ಲಾಸನ್ನು ಮತ್ತೆ ಓದುವುದು.

ಪಾಸಾದರೆ ಅವನು ಪಾಸು ಮಾಡಿಸಿದ. ಫೇಲಾದರೆ ಹುಡುಗಿಯನ್ನೇ ಎತ್ತಿಕೊಂಡು ಹೋಗುತ್ತಾನೆ. ಗೆದ್ದರೂ ಅವನದೇ, ಬಿದ್ದರೂ ಅವನದೇ. ನಾನು ಏನು, ಬಾಗಿಲು ಕಾಯುವವನಾ?

ಜುಲೈ 9, ಗುರುವಾರ

ಬಂದ. ತನ್ನ ದಿಂಬನ್ನು ತಾನೇ ತಂದಿದ್ದಾನೆ, ನಮ್ಮ ಮನೆಯಲ್ಲಿ ದಿಂಬಿಗೆ ಬರವೋ ಎಂಬಂತೆ. ನನ್ನ ಹೆಂಡತಿ ರೂಜಾ ಮೂರು ದಿನದಿಂದ ಮುಂದಿನ ಕೋಣೆ ಗುಡಿಸಿದ್ದೇ ಗುಡಿಸಿದ್ದು. ನಮ್ಮ ಮದುವೆಗೂ ಅಷ್ಟು ಗುಡಿಸಿರಲಿಲ್ಲ.

ಅಂಗಡಿಯಿಂದ ಬಿಸಿ ಬುರೆಕ್, ತೆಳು ಹಿಟ್ಟಿನ ಹಾಳೆಗಳ ನಡುವೆ ಕೈಮಾ ಹಾಕಿ ಬೇಯಿಸಿದ್ದು, ತಂದು ಅವನ ಮುಂದಿಟ್ಟೆ. ಫೋರ್ಕು ಕೇಳಿದ. ನಿಶ್ ಊರಿನಲ್ಲಿ, ಬುರೆಕ್ ಮಾಡುವವನ ಮನೆಯಲ್ಲಿ, ಬುರೆಕ್ಕಿಗೆ ಫೋರ್ಕು. ನೇದಾ ಓಡಿಹೋಗಿ ತಂದುಕೊಟ್ಟಳು. ಆಮೇಲೆ ತನಗೂ ಒಂದು ತಂದುಕೊಂಡಳು.

ಒತ್ತಡ ನೋಡಿಕೊಳ್ಳಲಿಲ್ಲ.

ಜುಲೈ 14, ಮಂಗಳವಾರ

ಹಿತ್ತಲ ದ್ರಾಕ್ಷಿ ಚಪ್ಪರದ ಕೆಳಗೆ ಪಾಠ. ನಾನು ಅಡುಗೆಮನೆ ಕಿಟಕಿಯಲ್ಲಿ ನಿಂತು ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಅದೇ ಹಿಟ್ಟನ್ನು ಆಗಲೇ ಎರಡು ಸಲ ಹಿಡಿದಾಗಿದೆ ಅಂತ ರೂಜಾ ನೆನಪಿಸಿದಳು. ಸುಮ್ಮನಿರು ಎಂದೆ.

ಶಾಲೆಯ ಹಳೆಯ ಉತ್ತರಪತ್ರಿಕೆಯನ್ನು ಅವನು ಮೇಜಿನ ಮೇಲೆ ಹರಡಿಕೊಂಡಿದ್ದ. ಪಾಠ ಮುಗಿದು ಅವನು ಕೈತೊಳೆಯಲು ಹೋದಾಗ ನಾನೂ ನೋಡಿದೆ. ಮೂರರಲ್ಲಿ ಎರಡು ಭಾಗ ಎಂದರೆ ದಶಮಾಂಶದಲ್ಲಿ ಎಷ್ಟು, ಎರಡು ಅಂಕಿಗೆ ಹೇಳಿ ಅಂತ ಪ್ರಶ್ನೆ. ನೇದಾ ಬರೆದದ್ದು 0.66. ಪಕ್ಕದಲ್ಲಿ ಕೆಂಪು ಗೆರೆ. 0.67 ಆಗಬೇಕಿತ್ತಂತೆ. ನನಗೆ 0.66 ಸರಿಯಾಗಿಯೇ ಕಂಡಿತು. ಉಳಿದ ಚೂರನ್ನು ಬಿಟ್ಟರಾಯಿತು, ಅದಕ್ಕೆ ಕೆಂಪು ಇಂಕು ಯಾಕೆ?

ಅವನು ಕಲಿಸುವ ರೀತಿ ಹೀಗೆ. ಮೇಲಿನ ಅಂಕಿಯನ್ನು ಕೆಳಗಿನದರಿಂದ ಭಾಗಿಸು. ಸಾಲದಾಗ ಸೊನ್ನೆ ಇಳಿಸಿಕೊ. ಬಿಂದುವಿನ ಆಚೆ ಮೂರು ಅಂಕಿ ಬರುವ ತನಕ ಹೋಗು. ಮೊದಲ ಎರಡು ಮನೆಯವರು. ಮೂರನೆಯವನು ಸಾಕ್ಷಿ. ಸಾಕ್ಷಿ ಐದು ಅಥವಾ ಐದಕ್ಕಿಂತ ದೊಡ್ಡವನಾದರೆ ಎರಡನೇ ಮನೆಯವನನ್ನು ಒಂದು ಮೆಟ್ಟಿಲು ಹತ್ತಿಸು, ಸಣ್ಣವನಾದರೆ ಇದ್ದಲ್ಲೇ ಇರಲಿ. ಹೇಳುವುದು ಹೇಳಿ ಸಾಕ್ಷಿ ಎದ್ದುಹೋಗುತ್ತಾನೆ.

ನೇದಾ ನಕ್ಕಳು. ಸಾಕ್ಷಿಗೆ ಕಾಫಿ ಕೊಡಲ್ವಾ ಅಂತ ಕೇಳಿದಳು. ಅವನೂ ನಕ್ಕ.

ನನಗೂ ಕತೆ ಹೇಳಲು ಬರುತ್ತದೆ. ಯಾರೂ ಕೇಳಲಿಲ್ಲ ಅಷ್ಟೆ.

167. 160 ಅಂತ ಬರೆದೆ.

ಜುಲೈ 15, ಬುಧವಾರ

165. 160. ಮಾತಾಡುವ ಮನಸ್ಸಿಲ್ಲ.

ಜುಲೈ 22, ಬುಧವಾರ

ಪಾಠದ ಹೊತ್ತಿಗೆ ಸರಿಯಾಗಿ ನೇದಾಳನ್ನು ಅಂಗಡಿಗೆ ಕರೆಸಿದೆ. ಕೆಲಸದ ಸ್ತೊಯಾನನಿಗೆ ಹೊಟ್ಟೆನೋವು ಎಂದೆ. ಸ್ತೊಯಾನ ನನ್ನ ಹಿಂದೆಯೇ ನಿಂತು ಒಂದಿಡೀ ಬುರೆಕ್ ಮುಗಿಸುತ್ತಿದ್ದ. ನೇದಾ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಏಪ್ರನ್ ಕಟ್ಟಿಕೊಂಡಳು.

ಕಟ್ಟೆಯ ಹಿಂದೆ ನಿಂತ ಅವಳನ್ನು ನೋಡಬೇಕು. ದುಂಡು ತಟ್ಟೆಯ ಬುರೆಕ್ಕನ್ನು ಒಂದು ಸಲ ಹೀಗೆ, ಒಂದು ಸಲ ಹಾಗೆ ಕತ್ತರಿಸಿದರೆ ನಾಲ್ಕು ಕಾಲು. ಅರ್ಧ ಕೇಳುವ ಗಿರಾಕಿಯೂ ಇಲ್ಲಿ ಅರ್ಧ ಅನ್ನುವುದಿಲ್ಲ, ಎರಡು ಕಾಲು ಅನ್ನುತ್ತಾನೆ. ಕಾಲು ಎಂದರೆ ಇನ್ನೂರೈವತ್ತು ಗ್ರಾಂ. ಆಸ್ಪತ್ರೆಯ ದಾದಿಯೊಬ್ಬಳು ಬಂದಳು. ನೇದಾ ತುಂಡನ್ನು ತಕ್ಕಡಿಗಿಟ್ಟಳು, 271 ತೋರಿಸಿತು. "ಕಾಲು" ಎಂದು ಕೂಗಿ ಕಾಗದದಲ್ಲಿ ಸುತ್ತಿದಳು. ಅರೆಗಳಿಗೆಯೂ ಯೋಚಿಸಲಿಲ್ಲ.

ಇದನ್ನು ಕಲಿಸಿದವನು ನಾನು. ನನಗೆ ನನ್ನ ಗುರು ಕಲಿಸಿದ್ದು. ಕಾಲಿಗಿಂತ ಕಡಿಮೆ ಬಂದರೆ ಆ ತುಂಡನ್ನು ಕೊಡಬೇಡ. ಹೆಚ್ಚು ಬಂದರೆ ಹೆಚ್ಚಿನದು ಗಿರಾಕಿಯದು. ಎಷ್ಟೇ ಹೆಚ್ಚಿರಲಿ, ಬಾಯಲ್ಲಿ ಬರಬೇಕಾದ್ದು ಕಾಲು ಎಂದೇ. ಹೆಚ್ಚಿನದನ್ನು ಎಣಿಸುವವನು ಬುರೆಕ್ ಮಾಡುವವನಲ್ಲ, ಕಳ್ಳ. ನೇದಾ ಕಟ್ಟೆಯ ಎತ್ತರಕ್ಕೆ ಬಂದ ವರ್ಷ ತಕ್ಕಡಿಯ ಮೇಲೆ ಕೈಯಿಟ್ಟು ನನಗೆ ಮಾತು ಕೊಟ್ಟಿದ್ದಾಳೆ, ನಾನು ನನ್ನ ಗುರುವಿಗೆ ಕೊಟ್ಟ ಹಾಗೆಯೇ.

ಮನೆಗೆ ಬಂದಾಗ ವೊಯಿನ್ ಚಪ್ಪರದ ಕೆಳಗೆ ಚೂಪು ಮಾಡಿದ ಪೆನ್ಸಿಲ್ಲುಗಳನ್ನು ಸಾಲಾಗಿ ಇಟ್ಟುಕೊಂಡು ಕಾಯುತ್ತಿದ್ದ. ಏನೂ ಅನ್ನಲಿಲ್ಲ. ಅಂದಿದ್ದರೆ ನಾನೂ ಅನ್ನಬಹುದಿತ್ತು.

ಅಂದವಳು ರೂಜಾ: "ಅಲ್ಲಾ ತಿಹೊಮಿರ್, ಮಗು ಫೇಲಾಗ್ಲಿ ಅಂತಾನಾ ನಿಮ್ಮ ಆಸೆ? ಫೇಲಾದ್ರೆ ಆ ಯಪ್ಪನ ಜೊತೆಗೇ ಹೋಗ್ತಾಳೆ. ಆಮೇಲೆ ಸ್ತೊಯಾನಂಗೆ ನಿಜವಾಗ್ಲೂ ಹೊಟ್ಟೆನೋವು ಬಂದ್ರೂ ಕರ್ಯಕ್ಕೆ ಯಾರೂ ಇರಲ್ಲ."

ಆಗಸ್ಟ್ 1, ಶನಿವಾರ

ಅವನಿಗೆ ಒಂದು ವಿದ್ಯೆ ಬರುತ್ತದೆ. ಸೇಬಿನ ಸಿಪ್ಪೆಯನ್ನು ಎಲ್ಲೂ ಕಡಿಯದಂತೆ ಒಂದೇ ಉದ್ದಕ್ಕೆ ಸುಲಿಯುತ್ತಾನೆ. ನೇದಾ ಆ ಸಿಪ್ಪೆಯನ್ನು ಕುತ್ತಿಗೆಗೆ ಹಾಕಿಕೊಂಡು ಮನೆಯೆಲ್ಲ ಓಡಾಡಿದಳು.

ಸರಿ, ನಾನೂ ತೋರಿಸೋಣ ಅಂತ ಹಿತ್ತಲಲ್ಲೇ ಹಲಗೆ ಹಾಕಿ ಹಿಟ್ಟಿನ ಹಾಳೆ ಬೀಸಲು ನಿಂತೆ. ಮುಷ್ಟಿಗಾತ್ರದ ಉಂಡೆಯನ್ನು ಗಾಳಿಯಲ್ಲಿ ಬೀಸಿ ಬೀಸಿ ಹಾಸಿಗೆ ಹೊದಿಕೆಯಷ್ಟು ಅಗಲ ಮಾಡುವುದನ್ನು ನೋಡಲು ಚಿಕ್ಕಂದಿನಲ್ಲಿ ಅವಳು ಊಟ ಬಿಟ್ಟು ಬರುತ್ತಿದ್ದಳು. ಬೀಸುತ್ತಿದ್ದಾಗ ಹಿಂದಿನಿಂದ "ಅಜ್ಜಾ, ಇಲ್ಲಿ ನೋಡು" ಅಂದಳು. ತಿರುಗಿದೆ. ಹಾಳೆ ಮೊಳಕೈಗೆ ಸಿಕ್ಕಿ ಹರಿಯಿತು.

ಅವಳು ಕರೆದದ್ದು ನನ್ನನ್ನಲ್ಲ. ಇಷ್ಟು ದಿನ ಅವನು ವೊಯಿನಜ್ಜ ಆಗಿದ್ದ, ನಾನು ಬರೀ ಅಜ್ಜ. ಇವತ್ತು ಅವನೂ ಬರೀ ಅಜ್ಜ.

172. 170 ಅಂತ ಬರೆದೆ.

ಆಗಸ್ಟ್ 4, ಮಂಗಳವಾರ

ಒಂದು ಬುರೆಕ್ಕನ್ನು ಮೂರು ಸಮಭಾಗ ಮಾಡಿಕೊಡಿ ಅಂತ ಕೇಳಿದ. ಮೂರರಲ್ಲಿ ಒಂದು ಅಂದರೇನು ಅಂತ ನೇದಾಳಿಗೆ ಕಣ್ಣಿಗೆ ಕಾಣಬೇಕಂತೆ. ನನ್ನ ಅಂಗಡಿಯಲ್ಲಿ ಮೂರು ಅನ್ನುವುದೇ ಇಲ್ಲ ಎಂದೆ. ನನ್ನ ಚಾಕುವಿಗೆ ಗೊತ್ತಿರುವುದು ಕಾಲು ಮಾತ್ರ. ಅವನು ಸಂತೆಯಿಂದ ಕಲ್ಲಂಗಡಿ ತಂದು ತಾನೇ ಕತ್ತರಿಸಿದ. ಒಂದು ತುಂಡು ತೊಟ್ಟಿಲಷ್ಟು, ಒಂದು ಚಪ್ಪಲಿಯಷ್ಟು. ಇಷ್ಟೊಂದು ಸೇತುವೆ ಕಟ್ಟಿಸಿದವನು. ಆ ಸೇತುವೆಗಳ ಮೇಲೆ ನಾನಂತೂ ಹೋಗುವುದಿಲ್ಲ. ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡೆ.

ಆಗಸ್ಟ್ 7, ಶುಕ್ರವಾರ

ಇದನ್ನು ಯಾರಿಗೂ ಹೇಳುವುದಿಲ್ಲ. ಗಿರಾಕಿಗಳು ಕಡಿಮೆಯಾದ ಮೇಲೆ ಅಮೃತಶಿಲೆಯ ಹಲಗೆ ಮೇಲೆ ಹಿಟ್ಟು ಉದುರಿಸಿ ಬೆರಳಲ್ಲಿ ಭಾಗಾಕಾರ ಹಾಕಿದೆ. ನಾನು ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ, ಆದರೂ ಭಾಗಿಸಲು ಬರುತ್ತದೆ. ಎರಡನ್ನು ಮೂರರಿಂದ. ಸೊನ್ನೆ ಇಳಿಸಿದೆ, ಇಪ್ಪತ್ತಾಯಿತು, ಆರು ಬಂತು, ಎರಡು ಉಳಿಯಿತು. ಮತ್ತೆ ಸೊನ್ನೆ, ಮತ್ತೆ ಆರು, ಮತ್ತೆ ಎರಡು. ಹಲಗೆಯ ಈ ತುದಿಯಿಂದ ಆ ತುದಿಗೆ ಬರೀ ಆರು. ಹಿಟ್ಟು ಮುಗಿಯಿತು, ಲೆಕ್ಕ ಮುಗಿಯಲಿಲ್ಲ.

ಇಂಥ ಮುಗಿಯದ ಕೆಲಸವನ್ನು ಮಕ್ಕಳ ತಲೆಗೆ ಯಾಕೆ ಕಟ್ಟುತ್ತಾರೆ? ಸ್ತೊಯಾನ ಬಂದು ನೋಡಿ, "ಏನ್ ಯಜಮಾನ್ರೇ, ಯಾರ್ದೋ ಫೋನ್ ನಂಬರಾ?" ಅಂದ. ಒರೆಸಿಹಾಕಿದೆ.

ಆಗಸ್ಟ್ 16, ಭಾನುವಾರ

ಶಾಲೆಯ ಪರೀಕ್ಷೆಯಂತೆಯೇ ವೊಯಿನ್ ಒಂದು ಪರೀಕ್ಷೆ ಕೊಟ್ಟ. ಮಗ, ಸೊಸೆ, ರೂಜಾ ಎಲ್ಲರೂ ಚಪ್ಪರದ ಸುತ್ತ ನಿಂತಿದ್ದರು. ಭಾಗಾಕಾರ ಒಂದೂ ತಪ್ಪಿಲ್ಲ. ಜೂನ್‌ನಲ್ಲಿ ಎಡವುತ್ತಿದ್ದ ಹುಡುಗಿ ನೀರು ಕುಡಿದ ಹಾಗೆ ಭಾಗಿಸುತ್ತಾಳೆ. ಅದನ್ನು ಒಪ್ಪುತ್ತೇನೆ. ಆದರೆ ಕೊನೆಯ ಅಂಕಿ ಮಾತ್ರ ಅದೇ ಹಾಡು. ಮೂರರಲ್ಲಿ ಎರಡು, 0.66. ಆರರಲ್ಲಿ ಒಂದು, 0.16. ಎಂಟರಲ್ಲಿ ಮೂರು, 0.37. ಏರಿಸಬೇಕಾದ ಕಡೆಯಲ್ಲೆಲ್ಲ ಏರಿಸಿಲ್ಲ. ಶಾಲೆಯ ಗಣಿತದ ಮೇಷ್ಟರು ಕೊನೆಯ ಉತ್ತರ ನೋಡಿಯೇ ಅಂಕ ಕೊಡುವವರು.

ವೊಯಿನ್ ಪೆನ್ಸಿಲ್ ಕೆಳಗಿಟ್ಟು ಕನ್ನಡಕ ಒರೆಸಿಕೊಂಡ. ಬಿದ್ದೆಯಾ ಮಗನೇ ಅಂದುಕೊಂಡೆ ಒಳಗೇ. ಬೇಸಿಗೆಯಿಡೀ ಸಾಕ್ಷಿ ಸಾಕ್ಷಿ ಅಂದದ್ದೇ ಬಂತು. ಎಷ್ಟು ಹಿತವಾಯಿತು ಎಂದರೆ ನಾನೇ ಎದ್ದುಹೋಗಿ ಎಲ್ಲರಿಗೂ ಕಾಫಿ ಮಾಡಿದೆ.

ಕಾಫಿ ತಂದಾಗ ಸೊಸೆ ಫೋನಿನಲ್ಲಿದ್ದಳು. ನೋವಿಸಾದ್‌ನ ಶಾಲೆಯಲ್ಲಿ ಜಾಗ ಇದೆಯಾ ಅಂತ ಯಾರನ್ನೋ ಕೇಳುತ್ತಿದ್ದಳು. ನೇದಾ ತಲೆಯೆತ್ತಲಿಲ್ಲ. ಬೆರಳಿನಿಂದ ಮೇಜಿನ ಬಿರುಕನ್ನು ಗೀಚುತ್ತಿದ್ದಳು.

ಕಾಫಿ ಆರಿಹೋಯಿತು. ನನ್ನದೂ.

ಆಗಸ್ಟ್ 18, ಮಂಗಳವಾರ

ಬೆಳಿಗ್ಗೆ ಗಿರಾಕಿಗಳ ನಡುವೆ ವೊಯಿನ್ ಅಂಗಡಿಗೆ ಬಂದ. ಇಲ್ಲಿಗೆ ಬಂದಮೇಲೆ ಮೊದಲ ಸಲ. ಸರದಿಯಲ್ಲೇ ನಿಂತ. ತನ್ನ ಸರದಿ ಬಂದಾಗ ಕಾಲು ಬುರೆಕ್ ಕೇಳಿದ. ತೂಗಿದೆ, ಕಾಲು ಅಂದೆ. ತಕ್ಕಡಿಯನ್ನೇ ನೋಡುತ್ತ ನಿಂತ. ಸ್ತೊಯಾನನಿಗೆ ಕಟ್ಟೆ ಒಪ್ಪಿಸಿ ಅವನನ್ನು ಮೂಲೆಯ ಮೇಜಿಗೆ ಕರೆದುಕೊಂಡು ಹೋದೆ. ಜಗಳಕ್ಕೆ ಬಂದಿದ್ದಾನೆ, ಬರಲಿ ಅಂದುಕೊಂಡೆ.

"ಬೀಗರೇ, ಅವಳಿಗೆ ನಿಯಮ ಗೊತ್ತು" ಅಂದ. "ಜುಲೈ ತಿಂಗಳಿಂದಾನೇ ಗೊತ್ತು."

"ಮತ್ತೆ ಬರೆಯಲ್ವಲ್ಲ?"

"ಬರೆಯಲ್ಲ. ನಿನ್ನೆ ಕೇಳೇಬಿಟ್ಟೆ. ಹೆಚ್ಚಿನದನ್ನ ನಮ್ಮ ಲೆಕ್ಕಕ್ಕೆ ಸೇರಿಸ್ಕೊಂಡ್ರೆ ಕಳ್ಳತನ ಅಂತೆ. ತಕ್ಕಡಿ ಮುಟ್ಟಿ ಅಜ್ಜನಿಗೆ ಮಾತು ಕೊಟ್ಟಿದೀನಿ, ಪುಸ್ತಕಕ್ಕೋಸ್ಕರ ಮುರಿಯಲ್ಲ ಅಂದ್ಲು. ಅಜ್ಜ ಅಂದ್ರೆ ನೀವು. ನಾನಲ್ಲ."

ಅವನ ಮುಂದೆ ಮೊಸರಿನ ಲೋಟ ತಳ್ಳಿದೆ.

"ನೋವಿಸಾದ್‌ಗೆ ಕಳಿಸ್ತಾರೆ ಅನ್ನೋದು ಅವಳಿಗೆ ಗೊತ್ತಲ್ವಾ?" ಅಂತ ಕೇಳಿದೆ.

"ಗೊತ್ತು. ಅದಕ್ಕೇ ಅಳ್ತಾಳೆ. ಆದ್ರೂ ಬರೆಯಲ್ಲ." ಅವನು ಬುರೆಕ್ಕನ್ನು ಕೈಯಲ್ಲೇ ಎತ್ತಿಕೊಂಡ. ಎಣ್ಣೆ ಮಣಿಕಟ್ಟಿಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. "ನಿಜ ಹೇಳ್ತೀನಿ, ನಂಗೆ ಹೊಟ್ಟೆಕಿಚ್ಚು. ದಿನಾ ಪಕ್ಕದಲ್ಲಿ ಕೂರಿಸ್ಕೊಂಡು ಕಲಿಸಿದವನು ನಾನು. ನಿಮ್ಮ ಒಂದು ಮಾತನ್ನ ಅಳಿಸೋಕೆ ನನ್ನ ಕೈಲಿ ಆಗ್ಲಿಲ್ಲ. ನೀವೇ ಹೇಳ್ಬೇಕು."

ಅವನು ಹೋದಮೇಲೆ ಎರಡು ತಟ್ಟೆ ಬುರೆಕ್ ಸೀದುಹೋಯಿತು. ಸ್ತೊಯಾನನನ್ನು ಬೈದೆ. ಒಲೆಯ ಮುಂದೆ ನಿಂತಿದ್ದವನು ನಾನೇ.

ಆಗಸ್ಟ್ 19, ಬುಧವಾರ

ಬೇಗ ಅಂಗಡಿ ಮುಚ್ಚಿದೆ. ತಕ್ಕಡಿಯನ್ನು ಹೊತ್ತುಕೊಂಡು ಮನೆಗೆ ಬಂದೆ. ಅದನ್ನು ಕಟ್ಟೆಯಿಂದ ಕೆಳಗಿಳಿಸಿದ್ದು ಸುಣ್ಣ ಹೊಡೆಸುವಾಗ ಬಿಟ್ಟರೆ ಇದೇ ಮೊದಲು. ಒಂದು ಇಡೀ ಬುರೆಕ್, ಸೀಯದ್ದು, ಜೊತೆಗೆ ತಂದೆ. ಚಪ್ಪರದ ಕೆಳಗೆ ಇಬ್ಬರೂ ಕೂತಿದ್ದರು. ನೇದಾಳ ಕಣ್ಣು ಊದಿತ್ತು.

ಚಾಕು ತೆಗೆದು ಬುರೆಕ್ಕನ್ನು ಮೂರು ಮಾಡಿದೆ. ಸುಳ್ಳು ಯಾಕೆ ಹೇಳಲಿ. ಕೈ ತಾನಾಗಿಯೇ ನಾಲ್ಕರ ಕಡೆ ಓಡುತ್ತಿತ್ತು. ಒಂದನ್ನು ತಕ್ಕಡಿಗಿಟ್ಟೆ.

ಮೊದಲು ಹೇಳಿದ್ದು ಕೆಲಸ ಮಾಡಲಿಲ್ಲ. ಪರೀಕ್ಷೆಯಲ್ಲಿ ಬೀಗರು ಹೇಳಿದ ಹಾಗೆ ಬರಿ ಎಂದೆ. ಕೊಟ್ಟ ಮಾತು ಅಂದಳು. ನಾನೇ ವಾಪಸು ತಗೊಂಡೆ ಎಂದೆ. ಮಾತು ಏನು ಬುರೆಕ್ಕಾ, ವಾಪಸು ತಗೊಳ್ಳಕ್ಕೆ ಅಂದಳು. ನನ್ನದೇ ರಕ್ತ, ಬೈಯಲು ಬಾಯಿ ಬರಲಿಲ್ಲ. ವೊಯಿನ್ ನೆಲ ನೋಡುತ್ತಿದ್ದ. ತಕ್ಕಡಿಯನ್ನು ಅವಳ ಕಡೆಗೆ ತಿರುಗಿಸಿದೆ.

"ನೇದಾ, ಈ ತಕ್ಕಡಿ ಯಾರದು?"

"ನಮ್ಮದು."

"ನಮ್ಮದು. ಗಿರಾಕಿದು ಅಲ್ಲ. ಅವನು ಕಟ್ಟೆಯ ಆ ಕಡೆ ನಿಂತಿರ್ತಾನೆ, ನಾವು ತೂಗಿದ್ದನ್ನ ನಂಬಬೇಕು. ತಕ್ಕಡಿ ನಮ್ಮ ಕೈಲಿದೆ, ಅದಕ್ಕೇ ಹೆಚ್ಚಿನದನ್ನ ನಾವು ಬಿಡೋದು. ಈ ಪುಸ್ತಕದಲ್ಲಿರೋ ತಕ್ಕಡಿ ಯಾರದು?"

ಯೋಚಿಸಿದಳು. "ಯಾರದೂ ಅಲ್ಲ."

"ಹ್ಞಾಂ. ಇಲ್ಲಿ ಗಿರಾಕಿ ಇಲ್ಲ, ಅಂಗಡಿಯವನೂ ಇಲ್ಲ. ಬಿಟ್ಟುಕೊಟ್ಟರೆ ಯಾರಿಗೂ ಸಿಗಲ್ಲ, ಸೇರಿಸ್ಕೊಂಡರೆ ಯಾರದೂ ಹೋಗಲ್ಲ. ಹಾಗಿದ್ದಾಗ ಮರ್ಯಾದೆ ಅಂದ್ರೆ ಯಾವುದು ನಿಜಕ್ಕೆ ಹತ್ತಿರವೋ ಅದನ್ನ ಹೇಳೋದು. ಮೂರರಲ್ಲಿ ಎರಡು ಯಾವುದಕ್ಕೆ ಹತ್ತಿರ? ಅರವತ್ತಾರಕ್ಕೋ, ಅರವತ್ತೇಳಕ್ಕೋ?"

"ಆರು, ಆರು, ಆಮೇಲೆ ಸಾಕ್ಷಿನೂ ಆರು" ಅಂತ ಗೊಣಗಿದಳು. "ಅರವತ್ತೇಳಕ್ಕೆ."

"ಮತ್ತೆ ಅರವತ್ತಾರು ಅಂದ್ರೆ?"

"ಸುಳ್ಳು." ಬೆರಳಲ್ಲಿ ಬುರೆಕ್ಕಿನ ಚೂರು ಹೆಕ್ಕುತ್ತ, "ಸಣ್ಣ ಸುಳ್ಳು" ಅಂದಳು.

ತುಂಡನ್ನು ತೆಗೆದು ತಕ್ಕಡಿಯ ಮೇಲೆ ಕೈಯಿಡಲು ಹೇಳಿದೆ. ಅಂಗಡಿಯಲ್ಲಿ ಅಂಗಡಿಯ ಮಾತು, ಪುಸ್ತಕದಲ್ಲಿ ಪುಸ್ತಕದ ಮಾತು. ಇಟ್ಟಳು. ಬೆರಳ ತುಂಬ ಎಣ್ಣೆ, 40 ಗ್ರಾಂ ತೋರಿಸಿತು.

ಆಮೇಲೆ ಮೂರು ತುಂಡನ್ನು ಮೂವರೂ ತಿಂದೆವು. ತಿನ್ನುತ್ತ ನೇದಾ ಕೇಳಿದಳು, ಒಂದೊಂದು ಭಾಗ 0.33 ಆದರೆ ಮೂರೂ ಸೇರಿ 0.99, ಉಳಿದ ಒಂದು ಚೂರು ಎಲ್ಲಿ ಹೋಯಿತು ಅಂತ. ವೊಯಿನ್ ಉತ್ತರ ಹೇಳಲು ಪೆನ್ಸಿಲ್ ಎತ್ತಿದ. ಚಾಕುವಿಗೆ ಅಂಟಿದೆ ನೋಡು ಎಂದೆ ನಾನು. ವೊಯಿನ್ ಪೆನ್ಸಿಲ್ ಕೆಳಗಿಟ್ಟು ನಕ್ಕ, ಕೆಮ್ಮು ಬರುವ ತನಕ ನಕ್ಕ.

ನನಗೂ ಒಂದು ಕೇಳುವುದಿತ್ತು. ಸಾಕ್ಷಿ ಸರಿಯಾಗಿ ಐದೇ ಆಗಿ, ಹಿಂದೆ ಏನೂ ಇಲ್ಲದಿದ್ದರೆ? ಎಂಟರಲ್ಲಿ ಒಂದು, 0.125. ಅದು ಎರಡಕ್ಕೂ ಅಷ್ಟೇ ದೂರ. ಅದನ್ನು ಯಾಕೆ ಏರಿಸಬೇಕು? ವೊಯಿನ್ ತಲೆ ಕೆರೆದುಕೊಂಡು, ಅದಕ್ಕೆ ಬೇರೆ ಕಾರಣ ಇಲ್ಲ ಬೀಗರೇ, ಏರಿಸೋಣ ಅಂತ ಎಲ್ಲರೂ ಒಪ್ಪಿಕೊಂಡಿದ್ದೇವೆ ಅಷ್ಟೆ ಎಂದ. ಎಲ್ಲರೂ ಕೊಟ್ಟ ಮಾತು ಅನ್ನಿ ಎಂದೆ. ಹಾಗೇ ಅನ್ನಿ ಎಂದ.

ಕತ್ತಲಾಗುವ ತನಕ ಕೂತೆವು. ನೇದಾ ಒಳಗೆ ಹೋದದ್ದು ಯಾವಾಗಲೋ ಗೊತ್ತಾಗಲಿಲ್ಲ.

ಆಗಸ್ಟ್ 24, ಸೋಮವಾರ

ಪರೀಕ್ಷೆ. ಇಬ್ಬರೂ ಶಾಲೆಯ ಗೇಟಿನ ಹೊರಗೆ ನಿಂತಿದ್ದೆವು. ಅವನು ಸೇಬು ಸುಲಿಯಲು ಹೋಗಿ ಸಿಪ್ಪೆಯನ್ನು ತುಂಡು ತುಂಡು ಮಾಡಿದ. ಆ ತುಂಡುಗಳನ್ನು ನಾನೇ ಹೆಕ್ಕಿದೆ.

ಹೊರಗೆ ಬಂದವಳು ನಮ್ಮಿಬ್ಬರ ನಡುವೆ ನಿಂತು ಗಾಳಿಗೆ ಹೇಳುವ ಹಾಗೆ "ಅರವತ್ತೇಳು" ಅಂದಳು.

ಆಗಸ್ಟ್ 26, ಬುಧವಾರ

ಪಾಸು. ಆರನೇ ಕ್ಲಾಸು ಇಲ್ಲೇ, ನಿಶ್‌ನಲ್ಲೇ. ರೂಜಾ ಅತ್ತಳು, ಸೊಸೆ ಅತ್ತಳು. ಮಗ ಎಲ್ಲರ ಲೋಟಕ್ಕೂ ರಾಕಿಯಾ ಸಾರಾಯಿ ಸುರಿದ. ವೊಯಿನ್ ನನ್ನ ಲೋಟಕ್ಕೆ ತನ್ನ ಲೋಟ ತಾಗಿಸಿದ. ಎಲ್ಲರೂ ಅವನನ್ನೇ ಹೊಗಳಿದರು. ಹೊಗಳಲಿ. ಭಾಗಾಕಾರ ಅವನು ಕಲಿಸಿದ್ದೇ.

ಆಗಸ್ಟ್ 27, ಗುರುವಾರ

ಬೆಳಗಿನ ಬಸ್ಸಿಗೆ ಹೋದ. ದಾರಿಗೆ ಅಂತ ಕಟ್ಟಿಕೊಟ್ಟೆ. ತುಂಡನ್ನು ತಕ್ಕಡಿಗಿಟ್ಟಾಗ 402 ತೋರಿಸಿತು. "ಕಾಲು" ಎಂದೆ. ಇದು ಯಾವುದಕ್ಕೆ ಹತ್ತಿರ ಬೀಗರೇ ಅಂತ ಕೇಳಿದ. ಬಸ್ಸು ತಪ್ಪಿಹೋಗುತ್ತದೆ, ನಡೆಯಿರಿ ಎಂದೆ.

ದಿಂಬು ಮರೆತು ಹೋಗಿದ್ದಾನೆ.

ಸೆಪ್ಟೆಂಬರ್ 6, ಭಾನುವಾರ

ನೇದಾ ಶಾಲೆ ಮುಗಿಸಿ ದಿನಾ ಅಂಗಡಿಗೆ ಬರುತ್ತಾಳೆ. ಮೊದಲಿನ ಹಾಗೇ ಅಜ್ಜ ಅನ್ನುತ್ತಾಳೆ, ಮೊದಲಿನ ಹಾಗೇ ಕಾಲು ಅಂತ ಕೂಗುತ್ತಾಳೆ. ಬೇಕಾದ್ದೆಲ್ಲ ಬೇಕಾದ ಹಾಗೇ ಇದೆ. ಆದರೂ ಅಂಗಡಿ ಮುಚ್ಚಿದ ಮೇಲೆ ಹೊತ್ತೇ ಹೋಗುವುದಿಲ್ಲ.

ಚಪ್ಪರದ ಕೆಳಗಿನ ಕುರ್ಚಿ ಒಳಗಿಡಲೇ ಅಂತ ರೂಜಾ ಕೇಳಿದಳು. ಇರಲಿ ಬಿಡು ಎಂದೆ. ಮಳೆ ಬರುತ್ತದೆ ಎಂದಳು. ಬರಲಿ ಎಂದೆ.

ಹಲಗೆಯ ಮೇಲೆ ಒಂದನ್ನು ಏಳರಿಂದ ಭಾಗಿಸಿದೆ. ಇದು ಆರರ ಹಾಗಲ್ಲ, ಬೇರೆ ಬೇರೆ ಅಂಕಿ ಬರುತ್ತದೆ. ಒಂದು, ನಾಲ್ಕು, ಎರಡು, ಎಂಟು, ಐದು, ಏಳು, ಆಮೇಲೆ ಮತ್ತೆ ಮೊದಲಿಂದ ಒಂದು, ನಾಲ್ಕು, ಎರಡು. ದಾರಿ ತಪ್ಪಿ ಮನೆಗೇ ವಾಪಸು ಬಂದ ಹಾಗೆ. ಯಾಕೆ ಹೀಗೆ ಅಂತ ಕೇಳಲು ಯಾರೂ ಇಲ್ಲ. ಸ್ತೊಯಾನನನ್ನು ಕೇಳಿದೆ. ಫೋನ್ ನಂಬರೇ ಇರಬೇಕು ಎಂದ.

ಸೆಪ್ಟೆಂಬರ್ 13, ಭಾನುವಾರ

ವೊಯಿನ್ ಫೋನ್ ಮಾಡಿದ್ದ. ಕಳೆದ ಭಾನುವಾರವೂ ಮಾಡಿದ್ದನಂತೆ, ನನಗೆ ಗೊತ್ತೇ ಇಲ್ಲ. ನೇದಾ ಮೆಟ್ಟಿಲ ಮೇಲೆ ಕೂತು ಮಾತಾಡಿದಳು, ನಕ್ಕಳು, ಏನೋ ಬರೆದುಕೊಂಡಳು. ನಾನು ಅಲ್ಲೇ ಬಾಗಿಲ ಹತ್ತಿರ ಬೀಗಕ್ಕೆ ಎಣ್ಣೆ ಬಿಡುತ್ತಿದ್ದೆ. ಮಾತು ಮುಗಿಯಿತು, ಫೋನ್ ಇಟ್ಟಳು.

ನನ್ನನ್ನು ಕೇಳಿದರಾ ಅಂದೆ. ಚೆನ್ನಾಗಿದ್ದಾರಾ ಅಂತ ಕೇಳಿದರು, ಚೆನ್ನಾಗಿದ್ದಾರೆ ಅಂದೆ ಎಂದಳು.

ಅಷ್ಟೇ. ಬೇಸಿಗೆಯಿಡೀ ನನ್ನ ಬುರೆಕ್ ತಿಂದವನು. ಕೈಯಲ್ಲಿ ತಿನ್ನಲು ಕಲಿತದ್ದು ನನ್ನ ಮುಂದೆ. ಹನ್ನೊಂದು ವರ್ಷದ ಹುಡುಗಿಯ ಹತ್ತಿರ ಗಂಟೆಗಟ್ಟಲೆ ಮಾತು, ಫೋನನ್ನು ಅಜ್ಜನಿಗೆ ಕೊಡು ಅನ್ನಲು ನಾಲಿಗೆ ಬರಲಿಲ್ಲ. ಇವಳಾದರೂ ಕರೆಯಬಹುದಿತ್ತು. ಅವನು ಏನು ಇವಳೊಬ್ಬಳ ಸ್ವತ್ತಾ?

ನೋಡೋಣ. ದಿಂಬು ಇಲ್ಲೇ ಇದೆಯಲ್ಲ, ಅದಕ್ಕಾದರೂ ಬರಲೇಬೇಕು.

168. 170 ಅಂತ ಬರೆದೆ.